ಗೋಪುರ ಕಳಚಿದ ಯು-9: ಮಾದರಿ ಕಟ್ಟಿದ ನನ್ನ ಅನುಭವ

ಯುದ್ಧನೌಕೆಗಳ ಮಾದರಿಗಳನ್ನು ಬಾಲ್ಸಾ ಮರದಲ್ಲಿ ಕಟ್ಟುವುದು ನನ್ನ ಬಹುಕಾಲದ ಹವ್ಯಾಸ. ಜರ್ಮನಿಯ ಯು-9 ಜಲಾಂತರ್ಗಾಮಿಯನ್ನು 72ರಲ್ಲಿ ಒಂದರ ಅಳತೆಯಲ್ಲಿ ಮಾಡಲು ಕುಳಿತೆ. ಕರಾವಳಿಯ ಸಮೀಪದ ಕಾರ್ಯಾಚರಣೆಗೆಂದು ರೂಪಿಸಿದ ಈ ನೌಕೆ 42.7 ಮೀಟರ್ ಉದ್ದವಿದ್ದುದರಿಂದ ನನ್ನ ಮಾದರಿ 59 ಸೆಂಟಿಮೀಟರಿಗೆ ಬಂದು ನಿಂತಿತು. ಮೂರು ಟಾರ್ಪೆಡೊ ನಳಿಕೆಗಳು, ಐದು ಟಾರ್ಪೆಡೊಗಳು, ಸುಮಾರು 25 ನಾವಿಕರು, ಇಷ್ಟೇ ಅದರ ಬಲ.

1940ರ ಮೇ ತಿಂಗಳಲ್ಲಿ ವೋಲ್ಫ್‌ಗಾಂಗ್ ಲ್ಯೂಟ್ ನೇತೃತ್ವದಲ್ಲಿ ಫ್ರಾನ್ಸಿನ ‘ಡೋರಿಸ್’ ಜಲಾಂತರ್ಗಾಮಿಯನ್ನು ಮುಳುಗಿಸಿದಾಗಿನ ರೂಪವನ್ನೇ ತೋರಿಸಬೇಕೆಂದು ಮೊದಲು ನಿರ್ಧರಿಸಿದ್ದೆ. ನೌಕೆಯ ಮೇಲೆ ಎದ್ದು ನಿಲ್ಲುವ ನಿಯಂತ್ರಣ ಗೋಪುರದ ಎರಡೂ ಬದಿಗೆ ಕಬ್ಬಿಣದ ಶಿಲುಬೆಯ ಲಾಂಛನವಿತ್ತು. 1914ರ ಸೆಪ್ಟೆಂಬರ್ 22ರಂದು ಒಟ್ಟೊ ವೆಡಿಗೆನ್‌ನ ಹಳೆಯ ಯು-9 (ಅದೇ ಹೆಸರಿನ ಬೇರೊಂದು ಜಲಾಂತರ್ಗಾಮಿ) ಮೂರು ಬ್ರಿಟಿಷ್ ಕ್ರೂಸರುಗಳನ್ನು ಮುಳುಗಿಸಿದ ಸ್ಮರಣೆಗಾಗಿ ಅದನ್ನು ಧರಿಸಲಾಗಿತ್ತು. ಬೆರಳುಗುರಿಗಿಂತ ಚಿಕ್ಕದಾದ ಆ ಶಿಲುಬೆಗಳನ್ನು ತಗಡಿನಲ್ಲಿ ಕತ್ತರಿಸಿ, ಅಂಚು ಉಜ್ಜಿ ಅಂಟಿಸಲು ಎರಡು ಸಂಜೆಗಳು ಹಿಡಿದವು.

ಬಣ್ಣವೂ ಒಣಗಿದ ಮೇಲೆ, ನೌಕೆಯ ಸೇವಾವಧಿಯನ್ನು ವರ್ಷವಾರು ಬರೆದಿಡುತ್ತಿದ್ದಾಗ ನನ್ನ ಮನಸ್ಸು ಬದಲಾಯಿತು. 1942ರಲ್ಲಿ ಜರ್ಮನಿಗೆ ಕಪ್ಪು ಸಮುದ್ರದಲ್ಲಿ ಜಲಾಂತರ್ಗಾಮಿಗಳು ಬೇಕಾದವು. ಆದರೆ ಅಲ್ಲಿಗೆ ಸಮುದ್ರದ ದಾರಿಯಾದ, ತಟಸ್ಥ ಟರ್ಕಿಯ ಕೈಯಲ್ಲಿದ್ದ ಜಲಸಂಧಿಗಳು 1936ರ ಮಾಂಟ್ರೊ ಒಪ್ಪಂದದಂತೆ ಯುದ್ಧನಿರತ ದೇಶಗಳ ನೌಕೆಗಳಿಗೆ ಮುಚ್ಚಿದ್ದವು. ಹಾಗಾಗಿ ಯು-9 ಸೇರಿದಂತೆ ಆರು ನೌಕೆಗಳನ್ನು ಜರ್ಮನಿಯ ಕೀಲ್ ಬಂದರಿನಲ್ಲಿ ಗೋಪುರ ಕಳಚಿ ಬಿಚ್ಚಿ, ಎಲ್ಬೆ ನದಿಯ ಮೂಲಕ ಡ್ರೆಸ್ಡೆನ್‌ವರೆಗೆ, ಅಲ್ಲಿಂದ ಭಾರಿ ಟ್ರೇಲರುಗಳ ಮೇಲೆ ಹೆದ್ದಾರಿಯಲ್ಲಿ ಇಂಗೋಲ್‌ಸ್ಟಾಟ್‌ಗೆ, ಮುಂದೆ ಡ್ಯಾನ್ಯೂಬ್ ನದಿಯಲ್ಲಿ ಸಾಗಿಸಿ, ಲಿಂಟ್ಸ್‌ನಲ್ಲಿ ಮರುಜೋಡಿಸಿ, ರೊಮೇನಿಯದ ಕಾನ್ಸ್ಟಾಂಟ್ಸಾ ಬಂದರಿಗೆ ಮುಟ್ಟಿಸಲಾಯಿತು. ಸಮುದ್ರದ ನೌಕೆಯೊಂದು ನೆಲದ ಮೇಲೆ ಪಯಣಿಸಿದ ಆ ದಿನಗಳೇ ಅದರ ಸೇವೆಯ ಅತ್ಯಂತ ಅಪರೂಪದ ಅಧ್ಯಾಯವೆಂದು ನನಗೆ ಖಚಿತವಾಯಿತು.

ಆ ರೂಪವನ್ನೇ ತೋರಿಸಲು, ಸಣ್ಣ ಹಲ್ಲಿನ ಗರಗಸ ಹಿಡಿದು ಗೋಪುರದ ಬುಡಕ್ಕೆ ಇಟ್ಟಾಗ ಕೈ ಒಂದು ಕ್ಷಣ ತಡೆಯಿತು. ಒತ್ತದೆ, ನಿಧಾನವಾಗಿ ಎಳೆದೆ. ಬೂದು ಬಣ್ಣದ ಹುಡಿಯೊಡನೆ ಮರದ ಬಿಳಿ ಪುಡಿ ಉದುರಿತು. ಬಳಿಕ ಒಡಲಿನ ತಳದ ಭಾರದ ಅಡಿಪಟ್ಟಿ (ಕೀಲ್) ತೆಗೆದು, ಗಾಯವನ್ನು ಎಮರಿ ಪೇಪರಿನಿಂದ ನಯಗೊಳಿಸಿ, ಒಡಲನ್ನು ಮಾದರಿ ಟ್ರೇಲರಿನ ಮೇಲೆ ಮಗ್ಗುಲಾಗಿ ಮಲಗಿಸಿದೆ. ಸೇತುವೆಗಳ ಕೆಳಗೆ ಹಾಯಲು ಅಂದು ಜರ್ಮನರೂ ಒಡಲನ್ನು ಹೀಗೆಯೇ ತೊಂಬತ್ತು ಡಿಗ್ರಿ ಹೊರಳಿಸಿದ್ದರು. ದೊಡ್ಡ ಜಲಾಂತರ್ಗಾಮಿಗಳಿಗಿರುವ ಪಕ್ಕದ ಉಬ್ಬು ಟ್ಯಾಂಕುಗಳು ಇದಕ್ಕಿಲ್ಲ. ಮಗ್ಗುಲಾಗಿ ಮಲಗಿಸಿದಾಗ ಅದರ ಎತ್ತರ ಕೇವಲ 4.1 ಮೀಟರಿಗೆ ಇಳಿದದ್ದು ಏಕೆಂದು ಅಳತೆಪಟ್ಟಿಯಿಂದ ತಿಳಿಯದಿದ್ದುದು ಮಾದರಿಯನ್ನು ಕೈಯಲ್ಲಿ ಹೊರಳಿಸಿದಾಗ ತಿಳಿಯಿತು. ಟ್ರೇಲರಿನ ಪಕ್ಕದಲ್ಲಿ ಎರಡೂವರೆ ಸೆಂಟಿಮೀಟರ್ ಎತ್ತರದ ಮನುಷ್ಯನೊಬ್ಬನನ್ನು ನಿಲ್ಲಿಸಿದ ಮೇಲಂತೂ ಆ ಭಾರದ ಅಂದಾಜು ಕಣ್ಣಿಗೇ ಸಿಕ್ಕಿತು.

ಕಾಕಸಸ್ ತೀರದಲ್ಲಿ ಸೋವಿಯತ್ ಹಡಗುಗಳ ವಿರುದ್ಧ ಗಸ್ತು ತಿರುಗಿದ ಯು-9, 1944ರ ಆಗಸ್ಟ್ 20ರಂದು ಕಾನ್ಸ್ಟಾಂಟ್ಸಾದಲ್ಲಿ ಸೋವಿಯತ್ ವಿಮಾನದಾಳಿಗೆ ಸಿಲುಕಿ ಮುಳುಗಿತು. ಕತ್ತರಿಸಿದ ಗೋಪುರವನ್ನು ನಾನು ಎಸೆಯಲಿಲ್ಲ. ಅದೇ ಪೀಠದ ಮೇಲೆ, ಶಿಲುಬೆಯು ನೋಡುವವರ ಕಡೆಗಿರುವಂತೆ, ಬೇರೊಂದು ಸಣ್ಣ ಟ್ರೇಲರಿನಲ್ಲಿ ಇರಿಸಿದ್ದೇನೆ.