ಶೀಟ್ ತಾನೇ ತುಂಬ್ತಿದೆ, ಆದ್ರೆ ಇಲ್ಲಿಗೆ ಬರೋಕೆ ಸಾಕುಸಾಕಾಯ್ತು

ಆರ್ಡರ್‌ಗಳು ಗೂಗಲ್ ಶೀಟಿಗೆ ತಾವೇ ಬಂದು ಬೀಳೋ ಹಾಗೆ ಮಾಡ್ತೀನಿ ಅಂದಾಗ "ಒಂದು ವಾರ ಆಟ ಆಡ್ತೀಯ, ಆಮೇಲೆ ನೀನೇ ಕೂತು ಕಾಪಿ ಪೇಸ್ಟ್ ಮಾಡ್ತೀಯ" ಅಂದಿದ್ರು ಟೀಮಲ್ಲಿ. ನಾಲ್ಕು ತಿಂಗಳಾಯ್ತು, ಆರ್ಡರ್ ಶೀಟಿಗೆ ನಾನು ಕೈಯಾರೆ ಒಂದು ರೋ ಹಾಕಿಲ್ಲ. ಫಾರ್ಮ್, ಪೇಮೆಂಟ್, ಮೇಲ್ ಮೂರೂ ಕಡೆಯಿಂದ ದಿನಕ್ಕೆ ಸುಮಾರು 80 ಎಂಟ್ರಿ ಬಂದು ಬೀಳ್ತವೆ.

ಮೊದಲನೇ ಸಲ ಮಾಡಿದ್ದು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಆ್ಯಪ್‌ಗಳನ್ನ ಒಂದಕ್ಕೊಂದು ಜೋಡಿಸೋ ಒಂದು ಆಟೊಮೇಷನ್ ಸರ್ವೀಸಲ್ಲಿ, ರೋ ಅಪ್‌ಡೇಟ್ ಆದ್ರೆ ಓಡು ಅಂತ ಟ್ರಿಗರ್ ಇಟ್ಟೆ, ಕೊನೇ ಸ್ಟೆಪ್ಪಲ್ಲಿ ಅದೇ ರೋನಲ್ಲಿ ಟೈಮ್ ಬರೆಯೋ ಹಾಗೆ ಮಾಡಿದ್ದೆ, ಬರೆದಿದ್ದೂ ಅಪ್‌ಡೇಟೇ ತಾನೇ, ಮತ್ತೆ ಟ್ರಿಗರ್, ರಾತ್ರಿಯಿಡೀ ಗಾಣದೆತ್ತಿನ ಥರ ಸುತ್ತಿತು. ಬೆಳಗ್ಗೆ ನೋಡಿದ್ರೆ ಇಡೀ ತಿಂಗಳ ಟಾಸ್ಕ್ ಕೋಟಾ ಖಾಲಿ, ದೊಡ್ಡ ಪ್ಲಾನಿಗೆ ದುಡ್ಡು ಕಟ್ಟಿದ್ದಾಯ್ತು. ಲೂಪ್ ಸರಿ ಮಾಡಿದ್ಮೇಲೂ ಬಿಲ್ ಇಳೀಲಿಲ್ಲ. ನಾನು ರೋ ಲೆಕ್ಕ ಹಾಕಿದ್ದೆ, ಸರ್ವೀಸಿನವರು ಒಂದೊಂದು ಸ್ಟೆಪ್ಪನ್ನೂ ಒಂದು ಟಾಸ್ಕ್ ಅಂತ ಲೆಕ್ಕ ಹಾಕ್ತಿದ್ರು: 80 ರೋ, 5 ಸ್ಟೆಪ್, ತಿಂಗಳಿಗೆ 12,000 ಟಾಸ್ಕ್!

ಆಗ ಈ ಮಧ್ಯದ ಸರ್ವೀಸನ್ನ ಮೇಲ್‌ಗೆ ಮಾತ್ರ ಉಳಿಸ್ಕೊಂಡು ಮಿಕ್ಕಿದ್ದೆಲ್ಲ ವೆಬ್‌ಹುಕ್ಕಿಂದ (ಏನಾದ್ರೂ ಆದ ತಕ್ಷಣ ಒಂದು ಲಿಂಕಿಗೆ ಡೇಟಾ ಕಳಿಸೋ ವ್ಯವಸ್ಥೆ) ನೇರ ಆಪ್ಸ್ ಸ್ಕ್ರಿಪ್ಟಿಗೆ, ಅಂದ್ರೆ ಗೂಗಲ್ ಶೀಟ್ ಜೊತೆ ಬರೋ ಕೋಡ್ ಬರೆಯೋ ಜಾಗಕ್ಕೆ, ತಿರುಗಿಸಿದೆ. ಅಲ್ಲೂ ಒಂದೇ ಪೇಮೆಂಟ್ ಮೂರು ಮೂರು ಸಲ ಬರ್ತಿತ್ತು. ಎರಡು ದಿನ ತಲೆ ಕೆಡಿಸ್ಕೊಂಡ್ಮೇಲೆ ಗೊತ್ತಾಯ್ತು, ಸ್ಕ್ರಿಪ್ಟ್ ಉತ್ತರವಾಗಿ 302 ರಿಡೈರೆಕ್ಟ್ (ಬೇರೆ ವಿಳಾಸಕ್ಕೆ ಹೋಗು ಅನ್ನೋ ಕೋಡ್) ಕೊಡುತ್ತೆ, ಕಳಿಸೋರು ಅದನ್ನ ಫೇಲ್ ಅಂದ್ಕೊಂಡು ಮತ್ತೆ ಮತ್ತೆ ಕಳಿಸ್ತಾರೆ. ಈಗ ಈವೆಂಟ್ ಐಡಿ (ಪ್ರತಿ ಪೇಮೆಂಟ್ ಸೂಚನೆಗೂ ಇರೋ ಗುರುತಿನ ನಂಬರ್) ಶೀಟಲ್ಲಿ ಮೊದಲೇ ಇದ್ರೆ ಬಿಟ್ಟಾಕು ಅಂತ ಚೆಕ್ ಇದೆ, ಎರಡು ಒಟ್ಟಿಗೆ ಬಂದ್ರೆ ಕೆಡಬಾರ್ದು ಅಂತ ಲಾಕ್ ಸರ್ವೀಸ್ ಇದೆ. ಸ್ಕ್ರಿಪ್ಟಲ್ಲಿ ವೆಬ್‌ಹುಕ್ ತಗೊಳ್ಳೋ ಡೂಪೋಸ್ಟ್ (doPost) ಫಂಕ್ಷನ್‌ನಲ್ಲಿ ಹೆಡರ್, ಅಂದ್ರೆ ಡೇಟಾ ಜೊತೆ ಬರೋ ಹೆಚ್ಚಿನ ಮಾಹಿತಿ, ಓದೋಕಾಗಲ್ಲ, ಹಂಗಾಗಿ ಕಳಿಸಿದ್ದು ನಿಜವಾಗ್ಲೂ ಅವರೇನಾ ಅಂತ ನೋಡೋ ಸಿಗ್ನೇಚರ್ ಚೆಕ್‌ಗೆ ಒಂದು ಅಡ್ಡದಾರಿ ಹಿಡಿದಿದ್ದೀನಿ, ಅದನ್ನ ಮಾತ್ರ ಕೇಳ್ಬೇಡಿ.

ಇನ್ನೊಂದು ದಿನ ಎಂಟ್ರಿಗಳೇ ಮಾಯ. ಎಲ್ಲ 1001ನೇ ರೋ ಇಂದ ಕೆಳಗೆ ಕೂತಿದ್ವು! ಚಂದ ಕಾಣ್ಲಿ ಅಂತ ಇಡೀ ಕಾಲಮ್ಮಿಗೆ ಚೆಕ್‌ಬಾಕ್ಸ್ ಎಳೆದಿದ್ದೆ, ಟಿಕ್ ಹಾಕದ ಬಾಕ್ಸೂ ಫಾಲ್ಸ್ ಅನ್ನೋ ವ್ಯಾಲ್ಯೂನೇ, ಹಂಗಾಗಿ ಕೊನೇಲಿ ಹೊಸ ರೋ ಸೇರಿಸೋ ಅಪೆಂಡ್‌ರೋ ಕಮಾಂಡಿಗೆ ಶೀಟ್ ಪೂರ್ತಿ ತುಂಬಿದಂಗೆ ಕಾಣುತ್ತೆ. ಅವತ್ತಿಂದ ಡೇಟಾ ಬೀಳೋ ಶೀಟಲ್ಲಿ ಬಣ್ಣ ಇಲ್ಲ, ಫಾರ್ಮುಲಾ ಇಲ್ಲ, ಯಾರೂ ಮುಟ್ಟೋ ಹಾಗಿಲ್ಲ. ನೋಡೋಕೆ ಬೇರೆ ಟ್ಯಾಬ್, ಅದರಲ್ಲಿ ಡೇಟಾ ಎಳ್ಕೊಂಡು ತೋರಿಸೋ ಒಂದೇ ಒಂದು ಕ್ವೆರಿ ಫಾರ್ಮುಲಾ.

ಮಧ್ಯೆ ಉತ್ಸಾಹ ಹೆಚ್ಚಾಗಿ ಪ್ರತಿ ಎಂಟ್ರಿಗೂ ಟೆಲಿಗ್ರಾಮಲ್ಲಿ ಮೆಸೇಜ್ ಬರೋ ಬಾಟ್ ಮಾಡಿದೆ, ಎರಡೇ ದಿನಕ್ಕೆ ನಾನೇ ಮ್ಯೂಟ್ ಮಾಡಿದೆ. ಈಗ ರಾತ್ರಿ ಒಂದೇ ಮೆಸೇಜ್: ಪೇಮೆಂಟ್ ಕಡೆ ಎಷ್ಟು, ಶೀಟಲ್ಲಿ ಎಷ್ಟು. ಎರಡೂ ತಾಳೆ ಆದ್ರೆ ಓದೋದೂ ಇಲ್ಲ.

ಟಾಸ್ಕ್ ಈಗ ತಿಂಗಳಿಗೆ 600-700 ಇರ್ಬೇಕು, ವಾಪಸ್ ಚಿಕ್ಕ ಪ್ಲಾನಿಗೆ ಬಂದಿದ್ದೀನಿ. ಮೇಲ್ ಭಾಗ ಮಾತ್ರ ಇನ್ನೂ ಕಾಟ ಕೊಡ್ತಿದೆ, ಕಳಿಸೋರು ಟೆಂಪ್ಲೇಟ್ ಬದಲಾಯಿಸಿದಾಗೆಲ್ಲ ಮೊತ್ತದ ಕಾಲಮ್ಮಲ್ಲಿ ತಾರೀಕು ಬಂದು ಕೂರುತ್ತೆ.