ಎಲ್ಲರಿಗೂ ಅಂತ್ಯ ಗೊತ್ತಿರುವ ಆಟ

ತುಮಕೂರಿನ ಬಾಡಿಗೆ ಮನೆಯಲ್ಲಿ ಕುಳಿತು ನಾನೊಂದು ಪಾಳೆಯಪಟ್ಟನ್ನು ನಡೆಸುತ್ತೇನೆ. 2020ರ ಲಾಕ್‌ಡೌನ್ ಕಾಲದಲ್ಲಿ ಡಿಸ್ಕಾರ್ಡ್ ಎಂಬ ಹರಟೆ ಆ್ಯಪ್‌ನಲ್ಲಿ ಆರಂಭಿಸಿದ, ಕನ್ನಡದಲ್ಲೇ ಬರೆದು ಆಡುವ ಪಾತ್ರಾಭಿನಯದ ಆಟ ಅದು. ಮಧುಗಿರಿಗೂ ಪಾವಗಡಕ್ಕೂ ನಡುವೆ, ಯಾವ ನಕಾಶೆಯಲ್ಲೂ ಇಲ್ಲದ ಒಂದು ಕೋಟೆ. ಅದರ ಕೆಳಗೆ ಪೇಟೆ, ಪೇಟೆಯ ಆಚೆ ಕೆರೆ. ಆಟಗಾರರು ತಮ್ಮ ಪಾತ್ರ ಏನು ಮಾಡಿತು, ಏನು ಹೇಳಿತು ಎಂದು ಬರೆಯುತ್ತಾರೆ. ಫಲದ ಬಗ್ಗೆ ಅನುಮಾನವಿದ್ದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಮಳೆ, ಕಳ್ಳರು, ಶಾನುಭೋಗರ ಹೆಂಡತಿ, ಶಿರಾದಿಂದ ಬರುವ ಕುದುರೆ ಸವಾರರು, ಇವೆಲ್ಲ ನನ್ನ ಪಾಲಿನವು. ನನ್ನನ್ನು ಸೂತ್ರಧಾರ ಎನ್ನುತ್ತಾರೆ. ಜಗಳವಾದಾಗ ಬಳಸುವ ಹೆಸರುಗಳು ಬೇರೆ.

ಆಟದ ಕಾಲ ಹದಿನೆಂಟನೆಯ ಶತಮಾನದ ನಡುಭಾಗ. 1687ರಿಂದ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿದ್ದ ಶಿರಾ 1757ರಲ್ಲಿ ಮರಾಠರ ವಶವಾಗುತ್ತದೆ, 1761ರಲ್ಲಿ ಹೈದರಾಲಿಯ ಕೈ ಸೇರುತ್ತದೆ. ಆ ಮೇಲೆ ನಮ್ಮಂಥ ಪುಟ್ಟ ಪಾಳೆಯಪಟ್ಟುಗಳ ಗತಿ ಏನೆಂದು ಶಾಲೆಯಲ್ಲಿ ಇತಿಹಾಸ ಓದಿದ ಎಲ್ಲರಿಗೂ ಗೊತ್ತು. ಮುಂದೇನು ಎಂಬ ಕುತೂಹಲವೇ ಇಲ್ಲದ ಕಥೆಯನ್ನು ಇಷ್ಟು ವರ್ಷ ಯಾರು ಆಡುತ್ತಾರೆ ಎಂದು ಗೆಳೆಯರು ಕೇಳುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನೋಡಿದವರು ಈ ಪ್ರಶ್ನೆ ಕೇಳಬಾರದು. ಅಲ್ಲಿ ದುರ್ಯೋಧನ ಸೋಲುತ್ತಾನೆ ಎಂಬುದು ಮಗುವಿಗೂ ಗೊತ್ತು. ಆದರೂ ಆ ಪಾತ್ರಕ್ಕೆ ಕೈಯಿಂದ ದುಡ್ಡು ಕೊಟ್ಟು, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಪದ್ಯ ಕಲಿತು ರಂಗಕ್ಕೆ ಬರುತ್ತಾರೆ. ಸೋಲುವುದು ಖಚಿತ; ಸೋಲುವ ಮುಂಚೆ ತನ್ನ ಪದ್ಯವನ್ನು ಊರು ಕೇಳಿತೇ, ಮರುದಿನ ಅರಳಿಕಟ್ಟೆಯಲ್ಲಿ ಅದರ ಮಾತು ಬಂತೇ ಎಂಬುದಷ್ಟೇ ಲೆಕ್ಕ.

ಆರಂಭದಲ್ಲಿ ಆಟಗಾರರನ್ನು ಕೇಳಿದ್ದೆ, ಕಥೆಯಲ್ಲಿ ಏನೇನಿರಬೇಕು ಎಂದು. ಸುರಂಗ, ದ್ರೋಹ, ಮುತ್ತಿಗೆ, ಹೂತಿಟ್ಟ ಹೊನ್ನು ಎಂದರು. ಎಲ್ಲವನ್ನೂ ಕೊಟ್ಟೆ, ಈಗಲೂ ಕೊಡುತ್ತೇನೆ. ಬಾಯಿಬಿಟ್ಟು ಕೇಳಿದ್ದನ್ನು ಕೊಡದಿರುವುದು ಸೊಕ್ಕಾಗುತ್ತದೆ. ಆದರೆ ಅವರು ಕೇಳುವುದಕ್ಕಿಂತ, ಎಲ್ಲಿ ಕೈ ಬಿಡುವಿಲ್ಲದೆ ಬರೆಯುತ್ತಾರೆ ಎಂಬುದನ್ನು ಗಮನಿಸುತ್ತಾ ಬಂದೆ. ಮುತ್ತಿಗೆಯ ರಾತ್ರಿ ಒಬ್ಬೊಬ್ಬರು ಎರಡೆರಡು ಸಾಲು ಬರೆದು ದಾಳ ಉರುಳಿಸಿ ಮಲಗಿದರು. ಕೆರೆಯ ತೂಬನ್ನು ಯಾವ ದಿನ ಎತ್ತಬೇಕೆಂಬ ಪಂಚಾಯಿತಿ ಮಾತ್ರ ಮಧ್ಯರಾತ್ರಿ ದಾಟಿತು. ಮುತ್ತಿಗೆಯನ್ನು ನಾನು ತಂದಿದ್ದೆ. ಕೆರೆಯ ಏರಿಯನ್ನು ಅವರೇ ಹಿಂದಿನ ಮಳೆಗಾಲದಲ್ಲಿ ಕಟ್ಟಿದ್ದರು.

ಆ ಮೇಲೆ ನಾನು ಕಥೆ ಹೆಣೆಯುವುದನ್ನು ಕಡಿಮೆ ಮಾಡಿ ಕಡತ ಬರೆಯುವುದನ್ನು ಹೆಚ್ಚಿಸಿದೆ. ಕಡತವೆಂದರೆ ಒಂದು ಸಾಧಾರಣ ಸ್ಪ್ರೆಡ್‌ಶೀಟ್. ಯಾರು ಏನು ಮಾಡಿದರು, ಅದನ್ನು ಯಾರು ಕಂಡರು, ಕಂಡವರು ಯಾರ ಬಳಿ ಹೇಳಿಯಾರು, ಹೇಳುವಾಗ ಏನನ್ನು ತಿರುಚಿಯಾರು. ಈ ಕೊನೆಯ ಕಾಲಮ್ಮೇ ನನ್ನ ಆಟದ ಜೀವ. ದೊಡ್ಡ ಆಟಗಳಲ್ಲಿ, 2004ರಿಂದ ನಡೆಯುತ್ತಿರುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಸೇರಿದಂತೆ, ಜಗತ್ತು ನಿಮ್ಮನ್ನು ಮಹಾವೀರ ಎಂದು ಹೊಗಳುತ್ತದೆ. ಪಕ್ಕದಲ್ಲಿ ನಿಂತವನನ್ನೂ ಅದೇ ಮಾತಿನಲ್ಲಿ ಹೊಗಳುತ್ತದೆ. ಲಕ್ಷಾಂತರ ಜನ ಆಡುವಲ್ಲಿ ಬೇರೆ ದಾರಿ ಇರಲಿಕ್ಕಿಲ್ಲ. ಬೆರಳೆಣಿಕೆಯ ಜನ ಆಡುವ ನಮಗೆ ದಾರಿಯಿದೆ: ಜಗತ್ತು ನಿಮ್ಮನ್ನು ನೆನಪಿಡಲಿ, ಆದರೆ ಸ್ವಲ್ಪ ತಪ್ಪಾಗಿ.

ಒಂದು ಉದಾಹರಣೆ. ಏರಿ ಬಿರುಕು ಬಿಟ್ಟ ರಾತ್ರಿ ಕೆಂಚಪ್ಪನೆಂಬ ಪಾತ್ರ ಎದೆಮಟ್ಟದ ನೀರಿನಲ್ಲಿ ನಿಂತು ಮಣ್ಣು ತುಂಬಿಸಿತ್ತು. ಅವನನ್ನು ಆಡುವವರು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಮಿತಭಾಷಿ. ಬಹಳ ದಿನ ಕಳೆದ ಮೇಲೆ ಸಂತೆಯಲ್ಲಿ ಒಬ್ಬ ಲಾವಣಿಕಾರನನ್ನು ತಂದು ಹಾಡಿಸಿದೆ. ಪದದಲ್ಲಿ ಏರಿ ಉಳಿಸಿದವನು ದಳವಾಯಿ. ಕೂಡಲೇ ನನಗೆ ಸಂದೇಶ ಬಂತು: "ಸೂತ್ರಧಾರರೇ, ಆ ಮಳೆಯಲ್ಲಿ ನಿಂತವನು ನಾನು. ದಳವಾಯಿ ಅವತ್ತು ಊರಿನಲ್ಲೇ ಇರಲಿಲ್ಲ. ಪದದಲ್ಲಿ ಅವನ ಹೆಸರು ಹೇಗೆ ಬಂತು?" ನಾನು ಬರೆದೆ: "ಲಾವಣಿಕಾರನಿಗೆ ಊಟ ಹಾಕಿದ್ದು ದಳವಾಯಿಯ ಮನೆಯಲ್ಲಿ, ಅಣ್ಣ." ಆ ರಾತ್ರಿ ಅವರು ಬರೆದಷ್ಟನ್ನು ಅದುವರೆಗೆ ಒಟ್ಟಾಗಿಯೂ ಬರೆದಿರಲಿಲ್ಲ. ಪೇಟೆ ಎರಡು ಪಕ್ಷವಾಯಿತು. ದಳವಾಯಿಯನ್ನು ಆಡುವ ಹುಡುಗ, ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವನು, ಹೌದೆಂದೂ ಹೇಳದೆ ಅಲ್ಲವೆಂದೂ ಹೇಳದೆ ಮೀಸೆ ತಿರುವಿಕೊಂಡು ಕುಳಿತ. ಅಲ್ಲಿಂದ ಹುಟ್ಟಿದ ಹಗೆತನ, ಒಂದು ಮುರಿದ ನಿಶ್ಚಿತಾರ್ಥ, ಸುಳ್ಳು ಸಾಕ್ಷಿ, ಯಾವುದನ್ನೂ ನಾನು ಯೋಜಿಸಿರಲಿಲ್ಲ. ಹೊಗಳಿದ್ದರೆ ಕೆಂಚಪ್ಪ ಒಂದು ಸಾಲಿನ ನಮಸ್ಕಾರ ಬರೆದು ಸುಮ್ಮನಾಗುತ್ತಿದ್ದ.

ತಿರುಚುವುದಕ್ಕೆ ಒಂದು ಕಟ್ಟುಪಾಡು ಇದೆ. ನಡೆದದ್ದನ್ನು ನಡೆದಿಲ್ಲ ಎನ್ನುವಂತಿಲ್ಲ. ಏರಿ ಉಳಿದದ್ದು ನಿಜ, ನೀರು ನಿಂತದ್ದು ನಿಜ. ಯಾರಿಂದ ಎಂಬುದರಲ್ಲಿ ಮಾತ್ರ ಬಾಯಿಗಳು ಬೇರೆಯಾಗಬಹುದು. ಆಟಗಾರನ ಕೆಲಸವನ್ನೇ ಅಳಿಸಿದರೆ ಅವನು ವಾದಿಸುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾನೆ.

ಆನ್‌ಲೈನ್ ಆಟಗಳ ಬಗ್ಗೆ ಬರೆಯುವ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಬೆರೆಯುವವರು, ಕಾದಾಡುವವರು ಎಂದು ನಾಲ್ಕಾಗಿ ವಿಂಗಡಿಸಿದ್ದು ಪ್ರಸಿದ್ಧ. ನನಗೆ ಅದರಿಂದ ಹೆಚ್ಚು ಉಪಯೋಗವಾಗಲಿಲ್ಲ. ತಿಂಗಳ ಮೊದಲ ವಾರ ಕಾದಾಡುವವನೇ ಕಚೇರಿಯಲ್ಲಿ ಲೆಕ್ಕ ಮುಗಿಸುವ ವಾರ ಬಂದರೆ ಛತ್ರದ ಜಗಲಿಯಲ್ಲಿ ಹರಟುತ್ತಾನೆ.

ದೀರ್ಘ ಕಾಲ ನಡೆಯುವ ಆಟಕ್ಕೆ ಹೊಸಬರದ್ದೇ ದೊಡ್ಡ ತೊಡಕು. ಗಿಲ್ಡ್ ವಾರ್ಸ್ 2 ಆಟದಲ್ಲಿ ಹಂತಹಂತವಾಗಿ ಬಂದ ಮೊದಲ ಕಥಾಸರಣಿ ಆ ಕಾಲಕ್ಕೆ ಆಡಿದವರಿಗಷ್ಟೇ ಸಿಕ್ಕಿತ್ತು. ಆಮೇಲೆ ಬಂದವರಿಗೆ ಅದನ್ನು ಆಡಲು 2022ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಹಳೆಯ ಕಥೆಯನ್ನು ಮತ್ತೆ ಆಡಿಸುವುದು ಸಾಧ್ಯವಿಲ್ಲ. ಸಾರಾಂಶ ಕೊಟ್ಟರೆ ಯಾರೂ ಓದುವುದಿಲ್ಲ, ಓದಿದವರೂ ಹಳಬರ ಮುಂದೆ ಬಾಯಿ ತೆರೆಯುವುದಿಲ್ಲ. ಹಾಗಾಗಿ ಹೊಸಬರಿಗೆ ಹಳಬರಿಗೆ ಬೇಕಾದುದೊಂದನ್ನು ಕೊಡುತ್ತೇನೆ. ಕೊರಟಗೆರೆಯ ಒಬ್ಬ ವಿದ್ಯಾರ್ಥಿನಿ ಬಂದಾಗ ಅವಳ ಪಾತ್ರವನ್ನು ನೀರುಗಂಟಿಯನ್ನಾಗಿ ಮಾಡಿದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವಳ ಕೈಯಲ್ಲಿ. ದಳವಾಯಿಯೇ ಇರಲಿ, ಶಾನುಭೋಗನೇ ಇರಲಿ, ಪೈರು ಒಣಗುತ್ತಿದ್ದರೆ ಅವಳ ಮನೆಯ ಬಾಗಿಲಿಗೆ ಬರಬೇಕು. ಬಂದವರು ತಾವಾಗಿಯೇ ಹಳೆಯ ಕಥೆಯನ್ನು, ಅವರವರ ಮೂಗಿನ ನೇರಕ್ಕೆ, ಅವಳಿಗೆ ಹೇಳಿಕೊಟ್ಟರು.

ಬಿಟ್ಟು ಹೋದವರ ವಿಷಯ ಸುಲಭ. ಪರೀಕ್ಷೆ, ಮದುವೆ, ಹೆರಿಗೆ ಎಂದು ಹೋದವರ ಪಾತ್ರ ಹೇರೆತ್ತುಗಳ ಜೊತೆ ದೂರದ ಪೇಟೆಗೆ ಹೋಗಿರುತ್ತದೆ. ಮರಳಿದಾಗ ಮೂರೇ ವಿಷಯ ತಿಳಿಸುತ್ತೇನೆ: ಮನೆಯಲ್ಲಿ ಏನು ಬದಲಾಗಿದೆ, ಯಾರು ವಿಚಾರಿಸಿದರು, ಯಾರಿಗೆ ಎಷ್ಟು ಸಾಲ.

ಆಟವನ್ನೇ ಬಿಡುತ್ತೇನೆ ಎಂದವರಿಗೆ ಸಾವು, ಸಾವಿಗೊಂದು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ. ಕೆಳಗಿನದನ್ನು ನಾನು ಬರೆಯುತ್ತೇನೆ, ನಡುವಿನದನ್ನು ಪಾತ್ರದ ಶತ್ರು ಬರೆಯಬೇಕು, ಮೇಲಿನದನ್ನು ಹೋಗುವವರೇ. ಈ ಕಲ್ಲುಗಳು ಪೇಟೆಯ ಬಾಗಿಲಲ್ಲಿವೆ, ದಾರಿಹೋಕರೆಲ್ಲ ಕಾಣುತ್ತಾರೆ. ಐಸ್‌ಲ್ಯಾಂಡಿನ ಸಂಸ್ಥೆಯೊಂದು ನಡೆಸುವ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟದಲ್ಲಿ 2014ರ ಜನವರಿಯಲ್ಲಿ, ಒಂದು ಪಕ್ಷ ತನ್ನ ಪ್ರದೇಶದ ಶುಲ್ಕ ಕಟ್ಟದೆ ಹೋದದ್ದರಿಂದ ಸುಮಾರು 21 ಗಂಟೆಗಳ ಮಹಾಯುದ್ಧ ನಡೆಯಿತು. ಆ ಆಟದ ಅತಿ ದೊಡ್ಡ ನೌಕೆಗಳಾದ ಟೈಟನ್‌ಗಳು 75 ನಾಶವಾದವು. ಸಂಸ್ಥೆ ಆ ಜಾಗದಲ್ಲಿ ನೌಕೆಗಳ ಅವಶೇಷಗಳನ್ನು ಸ್ಮಾರಕವಾಗಿ ಉಳಿಸಿತು. ಯಾವ ಕಥೆಗಾರನೂ ಬರೆಯದ ಕಥೆ ಅದು; ಸಂಸ್ಥೆ ಮಾಡಿದ್ದು ಕಲ್ಲು ನೆಟ್ಟದ್ದು ಮಾತ್ರ. ಸೂತ್ರಧಾರನ ಕೆಲಸದಲ್ಲಿ ಹೆಚ್ಚಿನ ಪಾಲು ಇಂಥದ್ದೇ ಎಂದು ನನಗನ್ನಿಸುತ್ತದೆ.

ಈಗ ನಮ್ಮ ಆಟದ ಪಂಚಾಂಗ 1760ಕ್ಕೆ ಬಂದಿದೆ. ಕೆಲವರು ಕಾಲವನ್ನು ನಿಧಾನಿಸಿ ಎನ್ನುತ್ತಿದ್ದಾರೆ, ಇತಿಹಾಸವನ್ನೇ ತಿರುಗಿಸಿ ಎಂದವರೂ ಒಬ್ಬರಿದ್ದಾರೆ. ನಾನು ಒಪ್ಪಿಲ್ಲ. ಬದಲಿಗೆ ಕೋಟೆ ಬಿದ್ದ ಮೇಲೆ ಒಂದು ತಲೆಮಾರನ್ನು ಹಾರಿಸುವುದು ಎಂದು ತೀರ್ಮಾನಿಸಿದ್ದೇವೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಬಂದ ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯರು ಹೇಳಿದ ಊರಿನ ಚರಿತ್ರೆಗಳನ್ನು, ಸಂಗ್ರಹಿಸಿದ. ನಮ್ಮ ಪೇಟೆಗೂ ಅವನ ಕಡೆಯವರು ಬರುತ್ತಾರೆ. ಆಟಗಾರರು ತಮ್ಮದೇ ಪಾತ್ರಗಳ ಮೊಮ್ಮಕ್ಕಳಾಗಿ ನಿಂತು, ಕೆರೆ ಕಟ್ಟಿಸಿದವರು ಯಾರು, ಕೋಟೆಯ ದಿಡ್ಡಿ ಬಾಗಿಲು ತೆರೆದವರು ಯಾರು ಎಂದು ಹೇಳಿಕೆ ಕೊಡಬೇಕು. ಹೇಳಿಕೆಗಳು ಹೊಂದದಿದ್ದರೆ ಎಲ್ಲವನ್ನೂ ಬರೆದುಕೊಳ್ಳುವುದು ಎಂದು ನಿಯಮ ಮಾಡಿದ್ದೇನೆ. ಇದು ಗೊತ್ತಾದ ವಾರದಿಂದ ಕೆಂಚಪ್ಪ ತನ್ನ ಹೆಸರಿನ ಶಾಸನಕ್ಕೆ ಕಲ್ಲು ಹುಡುಕುತ್ತಿದ್ದಾನೆ, ನೀರುಗಂಟಿ ಪ್ರತಿ ಸಂತೆಯಲ್ಲೂ ಲಾವಣಿಕಾರನನ್ನು ಊಟಕ್ಕೆ ಕರೆಯುತ್ತಿದ್ದಾಳೆ.