ಇನ್ಸ್‌ಪೈರ್‌ನ ಆ ಇಪ್ಪತ್ತು ಸಾವಿರ: ನನ್ನ ಅನುಭವ

ಇನ್ಸ್‌ಪೈರ್ ಅಂದರೆ ವಿಜ್ಞಾನದ ಡಿಗ್ರಿ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್. ವರ್ಷಕ್ಕೆ 80 ಸಾವಿರ ಅಂತ ಎಲ್ಲರೂ ಹೇಳುತ್ತಾರೆ. ಸುಲಭವಾಗಿ ಬರುವುದು 60 ಸಾವಿರ. ಉಳಿದ 20 ಸಾವಿರ ಬೇಸಿಗೆ ಪ್ರಾಜೆಕ್ಟ್ ಮಾಡಿ, ರಿಪೋರ್ಟು ಮತ್ತು ಮೆಂಟರ್ ಸರ್ಟಿಫಿಕೇಟ್ ಹಾಕಿದವರಿಗೆ. ನನಗೆ ಗೊತ್ತಿರುವ ಹೆಚ್ಚಿನವರು ಅದನ್ನು ಬಿಟ್ಟೇ ಬಿಡುತ್ತಾರೆ. ನಾನು ಬಿಡಲಿಲ್ಲ.

ನಮ್ಮದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿಎಸ್ಸಿ, ಪಿಸಿಎಂ. ಪಿಯುಸಿಯಲ್ಲಿ 600ಕ್ಕೆ 590ರ ಹತ್ತಿರ ಬಂದಿತ್ತು, ಹಾಗಾಗಿ ಇನ್ಸ್‌ಪೈರ್ ಕೇಳುವ ಬೋರ್ಡಿನ ಮೊದಲ ಒಂದು ಪರ್ಸೆಂಟ್ ಲೆಕ್ಕಕ್ಕೆ ತೊಂದರೆ ಆಗಲಿಲ್ಲ. ಆದರೆ ಪ್ರಾಜೆಕ್ಟ್ ಮಾತು ಎತ್ತಿದಾಗ ಸೀನಿಯರ್‌ಗಳು, "ಅದೆಲ್ಲ ಐಸರ್‌ನಂಥ ದೊಡ್ಡ ವಿಜ್ಞಾನ ಸಂಸ್ಥೆಯವರಿಗೆ ಕಣೇ, ನಮಗೆ ಯಾರು ಮೆಂಟರ್ ಆಗ್ತಾರೆ?" ಅಂದರು. ಮನೆಯಲ್ಲಿ ಮಾವ ಇನ್ನೂ ಇಂಜಿನಿಯರಿಂಗ್ ಸೀಟಿನ ವಿಷಯವನ್ನೇ ಹಿಡಿದಿದ್ದರು.

ಮೊದಲ ಬೇಸಿಗೆ ಹಾಳಾಯಿತು. ಎಲ್ಲರೂ ಕಳಿಸುವಂಥ ಮೇಲ್ ಮೂವತ್ತು ನಲವತ್ತು ಪ್ರೊಫೆಸರ್‌ಗಳಿಗೆ ಕಳಿಸಿದೆ, ರೆಸ್ಯೂಮೆ ಸಮೇತ. ಇಬ್ಬರು "ಜಾಗ ಇಲ್ಲ" ಅಂದರು, ಉಳಿದವರು ಅದನ್ನೂ ಹೇಳಲಿಲ್ಲ. ಅದೇ ಹೊತ್ತಿಗೆ ಮೊದಲ ವರ್ಷದ ದುಡ್ಡೂ ಸಿಕ್ಕಿಹಾಕಿಕೊಂಡಿತ್ತು. ಆಧಾರ್ ಬೇರೊಂದು ಹಳೇ ಖಾತೆಗೆ ಮ್ಯಾಪ್ ಆಗಿತ್ತು. ಬ್ಯಾಂಕಿನವರು ವಾರಗಟ್ಟಲೆ "ಸರ್ವರ್ ಇಲ್ಲ" ಅಂತ ಅಲೆಸಿದರು. ಅರ್ಜಿ ಹಾಕುವ ಮೊದಲೇ ಆ ಮ್ಯಾಪಿಂಗ್ ನೋಡಿಕೊಳ್ಳಿ.

ಎರಡನೇ ಬೇಸಿಗೆಗೆ ದಾರಿ ಬದಲಿಸಿದೆ. ಮೈಸೂರು ಕಡೆ ರಾಮಾನುಜನ್ ಗಣಿತದಲ್ಲಿ ಕೆಲಸ ಮಾಡುವವರು ಹಿಂದಿನಿಂದಲೂ ಇದ್ದಾರೆ. ಅವರಲ್ಲಿ ಒಬ್ಬ ಪ್ರೊಫೆಸರ್ ಬರೆದ ಸಂಶೋಧನಾ ಪೇಪರ್ ಇಳಿಸಿಕೊಂಡೆ. ಒಳಗಿನದು ತಲೆಗೆ ಹತ್ತಲಿಲ್ಲ, ಪೀಠಿಕೆ ಹತ್ತಿತು. 4, 9, 14, ಹೀಗೆ 5ರಿಂದ ಭಾಗಿಸಿದರೆ 4 ಉಳಿಯುವ ಸಂಖ್ಯೆಯನ್ನು ಕೂಡಿಕೆಯಾಗಿ ಒಡೆಯುವ ವಿಧಗಳ ಎಣಿಕೆ ಯಾವಾಗಲೂ 5ರ ಗುಣಕ. 4ಕ್ಕೆ 5 (4, 3+1, 2+2, 2+1+1, 1+1+1+1), 9ಕ್ಕೆ 30, 14ಕ್ಕೆ 135. ಯಾಕೆ ಅನ್ನುವುದಕ್ಕೆ ಫ್ರೀಮನ್ ಡೈಸನ್ ಅನ್ನುವ ಗಣಿತಜ್ಞ 1944ರಲ್ಲಿ ಒಂದು ಉಪಾಯ ಹೇಳಿದ್ದರು: ಒಡೆದ ಭಾಗಗಳಲ್ಲಿ ದೊಡ್ಡದರಿಂದ ಭಾಗಗಳ ಎಣಿಕೆ ಕಳೆಯಿರಿ, ಬಂದ ಉತ್ತರವನ್ನು 5ರ ಶೇಷದ ಪ್ರಕಾರ ಗುಂಪು ಮಾಡಿ. ನೋಟ್‌ಬುಕ್ಕಿನಲ್ಲಿ 9ರ ಮೂವತ್ತನ್ನೂ ಬರೆದು ವಿಂಗಡಿಸಿದೆ. ಐದೂ ಗುಂಪಿಗೆ ಆರಾರು ಬಂತು. ಆ ಖುಷಿ ಹೇಳಲಾಗದು.

ಆಮೇಲೆ ಸುಮ್ನೆ 5ರ ಬದಲು 11ರ ಶೇಷದ ಪ್ರಕಾರವೂ ನೋಡಿದೆ. 6ನ್ನು ಒಡೆಯುವ ವಿಧ 11. ಗುಂಪೂ ಹನ್ನೊಂದು, ಒಂದಕ್ಕೆ ಒಂದು ಕೂರಬೇಕು. ಕೂರಲಿಲ್ಲ. 4+1+1ಕ್ಕೂ ಕಳೆದ ಉತ್ತರ 1, 3+3ಕ್ಕೂ 1. ಆ ಪುಟದ ಫೋಟೋ ತೆಗೆದು, ಆ ಪ್ರೊಫೆಸರ್‌ಗೆ "ಇಲ್ಲಿ ಯಾಕೆ ಕೆಡುತ್ತದೆ ಸರ್?" ಅಂತ ಕಳಿಸಿದೆ. ರೆಸ್ಯೂಮೆ ಇಲ್ಲ, ಸ್ಕಾಲರ್‌ಶಿಪ್ ಮಾತಿಲ್ಲ. ಎರಡೇ ದಿನಕ್ಕೆ ಉತ್ತರ ಬಂತು. ಕೊನೆಗೆ ಅವರೇ ನನ್ನ ಮೆಂಟರ್ ಆದರು. ಇನ್ಸ್‌ಪೈರ್ ವಿಷಯ ಎಷ್ಟನೇ ಮೇಲ್‌ನಲ್ಲಿ, ಹೇಗೆ ಎತ್ತಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಕಾಲೇಜಿನ ಜೂನಿಯರ್‌ಗಳಿಗೆ ಇಟ್ಟುಕೊಂಡಿದ್ದೇನೆ.

ಖರ್ಚಿನ ಲೆಕ್ಕ: ಎರಡು ತಿಂಗಳ ಪಿಜಿ, ಊಟ ಸೇರಿ 12 ಸಾವಿರದ ಆಸುಪಾಸು. ಬಸ್ಸು, ಜೆರಾಕ್ಸ್, ಬೈಂಡಿಂಗ್ ಎರಡು ಸಾವಿರ. 20 ಸಾವಿರ ಬರುವುದು ಎಲ್ಲ ಮುಗಿದ ಮೇಲೆ, ಹಾಗಾಗಿ ಮೊದಲು ಕೈಯಿಂದಲೇ ಹಾಕಬೇಕು. ನಾನು ಜನವರಿಯಿಂದ ಮಾರ್ಚ್‌ವರೆಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿ ಅದನ್ನು ಹೊಂದಿಸಿದೆ. ಕೊನೆಗೆ ಐದಾರು ಸಾವಿರ ಉಳಿಯಿತು. ಜೊತೆಗೆ ಎಂಎಸ್ಸಿಗೆ ಶಿಫಾರಸು ಪತ್ರವೂ ಸಿಕ್ಕಿತು, ನನಗೆ ಅದೇ ಜಾಸ್ತಿ.

ಬಯೋಟೆಕ್, ಕಂಪ್ಯೂಟರ್ ಸೈನ್ಸ್ ಇನ್ಸ್‌ಪೈರ್ ಪಟ್ಟಿಯಲ್ಲಿ ಇಲ್ಲ, ಕಾಂಬಿನೇಶನ್ ತೆಗೆದುಕೊಳ್ಳುವಾಗಲೇ ತಮ್ಮ ತಂಗಿಯರಿಗೆ ಹೇಳಿ. ಸರ್ಟಿಫಿಕೇಟಿಗೆ ಸಹಿಯ ಜೊತೆ ಸೀಲು ಬೀಳದೆ ಊರಿಗೆ ಬಸ್ಸು ಹತ್ತಬೇಡಿ. ಈ ಸಲ ನಮ್ಮ ಕಾಲೇಜಿನ ಇಬ್ಬರು ಹುಡುಗಿಯರು ಮೆಂಟರ್ ಹಿಡಿದಿದ್ದಾರೆ, ಒಬ್ಬಳು ಕೆಮಿಸ್ಟ್ರಿಯಲ್ಲಿ.